ತವರಿನ ಕಡೆ ನೋಡಿದ ಎಡಗಣ್ಣು

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ ಅದು, ಮಗು. ಆಗ ಭಗವಂತ ಮನುಷ್ಯರಿಗೆ ಕಣ್ಣು ಮಾಡಲು ಕೂತ. ಬಲಗಣ್ಣಿಗೆ ಬೆಟ್ಟದ ಬೆಣಚುಕಲ್ಲು ತಂದ. ಎಡಗಣ್ಣಿಗೆ ಹೊಳೆಯ ನೀರಹನಿ ತಂದ. ಒಂದೊಂದಕ್ಕೂ ಆರಾರು ಹುರಿ ಕಟ್ಟಿ, "ಎತ್ತಿನ ಜೋಡಿಯ ಹಾಗೆ ಕೂಡಿ ನಡೆಯಿರಿ" ಎಂದು ಹರಸಿದ.

ಹೂವಿ ಎಂಬ ಕೂಸಿನ ಎಡಗಣ್ಣು ಮಾತ್ರ ಕೂಡಿ ನಡೆಯಲಿಲ್ಲ. ಅದಕ್ಕೆ ತವರಿನ ಹಂಬಲ. ಬಲಗಣ್ಣು ಅಮ್ಮನನ್ನು ನೋಡಿದರೆ, ಎಡಗಣ್ಣು ಹುರಿ ಜಗ್ಗಿಕೊಂಡು ಹೊಳೆಯನ್ನೇ ನೋಡುತ್ತಿತ್ತು.

ಹೀಗಾಗಿ ಹೂವಿಗೆ ಇಬ್ಬರು ಅಮ್ಮಂದಿರು ಕಾಣುತ್ತಿದ್ದರು. "ಅಮ್ಮಾ" ಎಂದು ಓಡಿಬಂದು, ಇಲ್ಲದ ಅಮ್ಮನನ್ನು ತಬ್ಬಲು ಹೋಗಿ ಮುಗ್ಗರಿಸುತ್ತಿದ್ದಳು.

"ಏ ಕೆಂಚವ್ವಾ, ನಿನ್ನ ಕೂಸು ಇವತ್ತೂ ನನ್ನನ್ನೇ ಅಪ್ಪಿಕೊಂಡಿತು! ನಾನೇ ಸಾಕಿಕೊಳ್ಳಲೇನು?" ಎಂದು ಗಾಳಿ ನಗುತ್ತಿತ್ತು.

ತಾಯಿ ಕೆಂಚವ್ವ ಕೂಸನ್ನು ಎತ್ತಿಕೊಂಡಳು. ತಪ್ಪು ಮಾಡಿದ್ದು ಎಡಗಣ್ಣು ತಾನೆ ಎಂದು, ಸೆರಗು ಹರಿದು ಅದಕ್ಕೇ ಪಟ್ಟಿ ಕಟ್ಟಿದಳು. ಪಟ್ಟಿಯೊಳಗೆ ಅದು ಮಂಕಾಗಿ ತೂಕಡಿಸಿತು. ಬಿಚ್ಚಿದರೆ ಮತ್ತೆ ಹೊಳೆಯ ಕಡೆಗೇ.

ಕೊಟ್ಟಿಗೆಯ ಮುದಿ ಎತ್ತು ಮೆಲುಕು ನಿಲ್ಲಿಸಿ ಹೇಳಿತು. "ತಪ್ಪು ಮಾಡಿದೆ ಕೆಂಚವ್ವ. ಮೈಗಳ್ಳ ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರೆ ಅದು ಕಲಿಯೋದೇನು? ಮೇವು ತಿನ್ನೋದನ್ನ! ಗಟ್ಟಿ ಎತ್ತನ್ನು ಕಟ್ಟಿಹಾಕು. ಮೈಗಳ್ಳನನ್ನು ಹೂಡು."

"ಒಳ್ಳೆಯದಕ್ಕೆ ಶಿಕ್ಷೆಯೇ, ಶಿವನೇ!" ಎಂದುಕೊಂಡೇ ಕೆಂಚವ್ವ ಬಲಗಣ್ಣಿಗೆ ಪಟ್ಟಿ ಕಟ್ಟಿದಳು.

ಎಡಗಣ್ಣು ಅತ್ತಿತು. "ತವರನ್ನು ನೋಡದೆ ನಾನು ಹೇಗಿರಲಿ?"

"ನಾನೂ ತವರು ಬಿಟ್ಟು ಬಂದವಳೇ ಕಣೇ," ಎಂದಳು ಕೆಂಚವ್ವ.

ಆಗ ಹೊಳೆಯೇ ಕೂಗಿ ಹೇಳಿತು. "ಮಗಳೇ, ನಾನು ಹರಿದುಹೋಗುವವಳು. ನೀನು ನೋಡುವಷ್ಟರಲ್ಲಿ ಆ ನೀರು ಮುಂದಕ್ಕೆ ಹೋಗಿರುತ್ತದೆ. ಆ ಕೂಸಿಗೆ ಈಗ ನೋಡಲು ನಿನ್ನ ಹೊರತು ಬೇರೆ ಕಣ್ಣಿಲ್ಲ. ಅದರ ಅಮ್ಮನನ್ನು ನೋಡು."

ಎಡಗಣ್ಣು ಹುರಿ ಬಿಗಿಹಿಡಿದು, ನಡುಗುತ್ತ, ಮೆಲ್ಲಮೆಲ್ಲನೆ ತಿರುಗಿತು. ಮೊದಲು ಅಮ್ಮನ ಸೆರಗು ಮಾತ್ರ ಕಂಡಿತು. ಎಷ್ಟೋ ದಿನದ ಮೇಲೆ ಬಳೆ ಕಂಡವು. ಇನ್ನೆಷ್ಟೋ ದಿನದ ಮೇಲೆ ಮುಖ.

ಪಟ್ಟಿ ಬಿಚ್ಚಿದ ಬೆಳಗ್ಗೆ ಹೂವಿ ಓಡಿಬಂದಳು. ಒಬ್ಬಳೇ ಅಮ್ಮ. ಕೈಗೆ ಸಿಕ್ಕಿದಳು.

ಅದಕ್ಕೇ ಮಗು, ಇಂದಿಗೂ ಓರೆಗಣ್ಣಿನ ಮಕ್ಕಳಿಗೆ ಡಾಕ್ಟರು ನೆಟ್ಟಗಿರುವ ಕಣ್ಣಿಗೇ ಪಟ್ಟಿ ಹಾಕುತ್ತಾರೆ. ಇನ್ನೊಂದು ಕಣ್ಣು ನಿದ್ದೆ ಬರುವ ಹೊತ್ತಿಗೆ ಒಂದು ಗಳಿಗೆ ಹೊಳೆಯ ದಿಕ್ಕಿಗೆ ಜಾರಿ, ಮತ್ತೆ ಅಮ್ಮನ ಕಡೆಗೆ ಬರುತ್ತದೆ.