ಹತ್ತಕ್ಕೆ ಹತ್ತು

ಇದು ನಾನು ಯಾರ ಬಾಯಲ್ಲೂ ಕೇಳಿದ್ದಲ್ಲ, ಕಣ್ಣಾರೆ ಕಂಡದ್ದು. ಸುಳ್ಳು ಅನ್ನೋರು ಈಗ್ಲೇ ಎದ್ದು ಹೋಗ್ಬೋದು.

ಹೊಳೆ ದಂಡೇಲಿ ಒಂದು ಮಠ. ಮಠದ ಮಗ್ಗುಲಲ್ಲೇ ಶಾಲೆ. ಒಂದೇ ಕೊಠಡಿ, ನಲವತ್ತು ಮಕ್ಕಳು. ಆ ನಲವತ್ತರಲ್ಲಿ ನಾನೂ ಒಬ್ಬ. ನಾನು ಓದಿದ್ದು ಮೂರನೇ ಕ್ಲಾಸಿನ ತನಕ ಅಷ್ಟೇ. ಆದ್ರೆ ಆ ಕೊಠಡೀಲಿ ನನ್ನ ಮೀರಿಸೋ ಗಂಡು ಒಬ್ಬನೂ ಇರ್ಲಿಲ್ಲ.

ಶಾಲೆ ಕಟ್ಟಿದೋರು ರುದ್ರಮುನಯ್ಯನೋರು. ನಾವು ದೊಡ್ಡಯ್ನೋರು ಅಂತಿದ್ವಿ. ವಯಸ್ಸಾಗಿ ಗಂಟಲು ಸೋತ ಮೇಲೆ ಬೆತ್ತ, ಹಾಜರಿ ಪುಸ್ತಕ ಎರಡನ್ನೂ ಶಿಷ್ಯನ ಕೈಗೆ ಕೊಟ್ಟು, ಹೊಳೆ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತ್ಕೊಳ್ತಿದ್ರು.

ಶಿಷ್ಯ ಪಂಚಾಕ್ಷರಿ. ಮಠದಲ್ಲೇ ಉಂಡು, ಅಯ್ನೋರ ಹತ್ರಾನೇ ಕಲಿತು ಮೇಷ್ಟ್ರಾದೋನು.

ಪಂಚಾಕ್ಷರಿ ಮೇಷ್ಟ್ರ ಶಾಲೆ ಅಂದ್ರೆ ಗಡಿಯಾರ. ಪ್ರಾರ್ಥನೆ ಆದ ಕೂಡ್ಲೇ ಮಗ್ಗಿ. ಎರಡರಿಂದ ಹತ್ತರ ತನಕ, ಎಲ್ಲರೂ ಒಂದೇ ಗಂಟಲಲ್ಲಿ. ಮಗ್ಗಿ ಮುಗಿದ್ರೆ ಉಕ್ತಲೇಖನ. ಮೇಷ್ಟ್ರು ಹತ್ತು ಪದ ಹೇಳೋದು, ನಾವು ಸ್ಲೇಟಲ್ಲಿ ಬರೆಯೋದು. ಹತ್ತಕ್ಕೆ ಹತ್ತು ಬಂದೋರು ಕೂತ್ಕೊಳ್ಳೋದು, ತಪ್ಪಾದೋರು ನಿಂತ್ಕೊಳ್ಳೋದು.

ನಿಂತೋರೇ ಇರ್ತಿರ್ಲಿಲ್ಲ. ಯಾಕಂದ್ರೆ ದಿನಾ ಅವೇ ಹತ್ತು ಪದ. ಋಷಿ, ಕೃಷಿ, ಜ್ಞಾನ, ಶ್ರೇಷ್ಠ, ವಿದ್ಯಾರ್ಥಿ... ಹಿಂದುಮುಂದು ಆಗೋ ಹಂಗೇ ಇಲ್ಲ. ಮೇಷ್ಟ್ರು ಐದನೇ ಪದ ಹೇಳೋ ಹೊತ್ಗೆ ನಾನು ಹತ್ತೂ ಬರ್ದು, ಬಳಪ ಕಿವಿಗೆ ಸಿಗಿಸ್ಕೊಂಡು ಕೂತಿರ್ತಿದ್ದೆ. ಮಿಕ್ಕೋರು ನನ್ನ ಹಿಂದೆ. ಎಲ್ಲರದೂ ಆಯ್ತಲ್ಲ ಅಂತ ಮೇಷ್ಟ್ರೂ ಐದನೇ ಪದಕ್ಕೇ ನಿಲ್ಲಿಸಿ "ಸ್ಲೇಟು ಕೆಳಗೆ!" ಅನ್ನೋರು.

ಇಂಥ ಶಾಲೆಗೆ ವರ್ಷದ ಮಧ್ಯೆ ಚಿಕ್ಕತಾಯಿ ಅನ್ನೋ ಹುಡುಗಿ ಬಂದ್ಲು. ಮಠದ ಅಡುಗೆಮನೇಲಿ ಪಾತ್ರೆ ತಿಕ್ಕೋ ಮಾದಮ್ಮನ ಮಗಳು.

ಅವಳು ಮೇಷ್ಟ್ರು ಬಾಯಿ ಬಿಡೋ ತನಕ ಬರೀತಿರ್ಲಿಲ್ಲ. ಅವರ ಬಾಯನ್ನೇ ನೋಡ್ತಾ, ಹೇಳಿದ್ದನ್ನ ತುಟೀಲಿ ಒಂದ್ಸಲ ಅಂದ್ಕೊಂಡು, ಆಮೇಲೆ ಬಳಪ ಊರ್ತಿದ್ಲು. ಅವಳದು ಮೂರು ಪದ ಆಗೋಷ್ಟರಲ್ಲಿ "ಸ್ಲೇಟು ಕೆಳಗೆ!"

ಹನ್ನೆರಡು ದಿನ ನಿಂತ್ಲು. ನಾವು ನಗ್ತಿದ್ವಿ. ಈಗ ನೆನೆದ್ರೆ ಮೈ ಉರಿಯುತ್ತೆ, ಆದ್ರೆ ಆಗ ನಾನೂ ನಕ್ಕೋನೇ.

ಹದಿಮೂರನೇ ದಿನ ಬೆಳಿಗ್ಗೆ, ಹಾಜರಿ ಕೂಗೋಕೆ ಮುಂಚೆ, ಮೇಷ್ಟ್ರು ಮಾದಮ್ಮನ್ನ ಕರೆಸಿದ್ರು.

"ನಿನ್ ಮಗಳಿಗೆ ವಿದ್ಯೆ ಹತ್ತಲ್ಲಮ್ಮ. ಇನ್‌ಸ್ಪೆಕ್ಟ್ರು ಬರೋ ದಿನ ಹತ್ರ ಬಂತು. ಹೆಸರು ಹೊಡೆದು ಹಾಕ್ತೀನಿ. ನಿನ್ ಜೊತೆ ಪಾತ್ರೆ ತಿಕ್ಕೋಕೆ ಹಾಕ್ಕೋ."

ಮಾದಮ್ಮನ ಕೈಯಲ್ಲಿ ಇನ್ನೂ ಬೂದಿ ಇತ್ತು.

"ತಳ ಹತ್ತಿದ ಕೊಳಗಾನೇ ನಾನು ಬಿಸಾಡಲ್ಲ ಮೇಷ್ಟ್ರೆ, ನೆನೆಹಾಕಿ ತಿಕ್ತೀನಿ. ನೀವು ಹನ್ನೆರಡು ದಿನಕ್ಕೇ ಮಗೀನ ಬಿಸಾಡ್ತೀರಾ?"

"ಎಲ್ಲರಿಗೂ ಬರೋದು ಇವಳಿಗೊಬ್ಬಳಿಗೆ ಯಾಕೆ ಬರಲ್ಲ?"

"ನನ್ನ ಕೇಳಿದ್ರೆ? ನೀವಲ್ವಾ ಮೇಷ್ಟ್ರು?"

ನಾವು ಕಿಸಕ್ಕಂತ ನಕ್ವಿ. ಮೇಷ್ಟ್ರ ಮುಖ ಕೆಂಪಾಯ್ತು. ಹಾಜರಿ ಪುಸ್ತಕ, ಕೆಂಪು ಶಾಯಿ ಎತ್ಕೊಂಡು ಹೊಳೆ ಮೆಟ್ಟಿಲಿಗೆ ನಡೆದೇಬಿಟ್ರು. ದೊಡ್ಡಯ್ನೋರ ಅಪ್ಪಣೆ ಇಲ್ದೆ ಆ ಪುಸ್ತಕದಲ್ಲಿ ಯಾರ ಹೆಸರೂ ಹೊಡೆಯೋ ಹಂಗಿರ್ಲಿಲ್ಲ. ಮಾದಮ್ಮ ಮಗಳ ಕೈ ಹಿಡ್ಕೊಂಡು ಹಿಂದೆ ಹೋದ್ಲು. ಅವರ ಹಿಂದೆ ನಾನು. ಕರೀದೆ ಇದ್ರೂ ಹೋಗೋದು ನನ್ನ ಹುಟ್ಟುಗುಣ.

"ಗುರುಗಳೆ, ಈ ಹುಡುಗಿ ಹೆಸರು ತೆಗೀಬೇಕು."

"ಯಾಕೋ?"

"ಮೂವತ್ತೊಂಬತ್ತು ಮಕ್ಕಳು ಹತ್ತಕ್ಕೆ ಹತ್ತು. ಇವಳೊಬ್ಬಳು ಮೂರು ದಾಟಲ್ಲ."

ಅಯ್ನೋರು ಹುಡುಗಿ ಕಡೆ ತಿರುಗಿದ್ರು. "ನೀನೇನಂತೀಯ ತಾಯಿ?"

"ಆರನೇ ಪದ ಯಾವ್ದು ಅಂತ ನನಗೆ ಗೊತ್ತೇ ಇಲ್ಲ ಅಯ್ನೋರೆ."

"ಕೇಳಿಸ್ತಾ ಗುರುಗಳೆ? ಹನ್ನೆರಡು ದಿನ ಆದ್ರೂ ಗೊತ್ತಿಲ್ವಂತೆ!"

"ಕೇಳಿಸ್ತು. ಮಿಕ್ಕೋರಿಗೆ ದಿನಾ ಹತ್ತಕ್ಕೆ ಹತ್ತಾ?"

"ದಿನಾ."

ಅಯ್ನೋರು ನೀರಿಂದ ಕಾಲು ಎತ್ತಿದ್ರು.

"ನಲವತ್ತು ವರ್ಷ ಕಲಿಸ್ದೆ. ಒಂದಿನಾನೂ ನನಗೆ ಆ ಭಾಗ್ಯ ಬರ್ಲಿಲ್ವಲ್ಲೋ. ನಡಿ, ಕಣ್ತುಂಬ ನೋಡ್ತೀನಿ."

ಕೊಠಡಿಗೆ ಬಂದ್ರು. ಊರುಗೋಲು ನೆಟ್ಟಗೆ ನನ್ನ ಕಡೆ ಎತ್ತಿದ್ರು. ಗಟ್ಟಿ ಹುಡುಗ ಅಂತ ಮುಖದಲ್ಲೇ ಕಾಣ್ತಿತ್ತೋ ಏನೋ.

"ಏಳೆಂಟ್ಲ ಎಷ್ಟೋ?"

ಎದೆ ಸೆಟೆಸಿ ಶುರು ಮಾಡ್ದೆ. "ಏಳೊಂದ್ಲ ಏಳು, ಏಳೆರಡ್ಲ ಹದಿನಾಕು, ಏಳ್ಮೂರ್ಲ..."

"ನಾನು ಕೇಳಿದ್ದು ಏಳೆಂಟ್ಲ."

"ಅಲ್ಲಿಗೇ ಬರ್ತಾ ಇದ್ದೀನಿ ಅಯ್ನೋರೆ!"

"ಪಕ್ಕದ ಮನೆಗೆ ಹೋಗೋಕೆ ಕಾಶಿಯಿಂದ ಹೊರಡ್ತೀಯೇನೋ?"

ನಾನು ಮತ್ತೆ ಏಳೊಂದ್ಲದಿಂದ ಹೊರಟೆ. ಬೇರೆ ದಾರಿ ಗೊತ್ತಿದ್ರೆ ತಾನೆ?

"ಕೂತ್ಕೋ" ಅಂದ್ರು.

"ಗಾಬರಿ ಬಿದ್ದವ್ನೆ ಗುರುಗಳೆ" ಅಂದ್ರು ಮೇಷ್ಟ್ರು. "ಉಕ್ತಲೇಖನ ನೋಡಿ ಬೇಕಾದ್ರೆ."

ಅಯ್ನೋರು ಮೇಷ್ಟ್ರ ಕುರ್ಚೀಲಿ ಕೂತ್ರು. "ಸ್ಲೇಟು ತಗೊಳ್ಳಿ" ಅಂದ್ರು. ತಗೊಂಡ್ವಿ. ಪಾಠದ ಪುಸ್ತಕ ಬಿಚ್ಚಿದ್ರು. ಒಂದ್ಸಲ ಕೆಮ್ಮಿದ್ರು.

ಅಷ್ಟೇ. ಒಂದು ಪದಾನೂ ಹೇಳ್ಲಿಲ್ಲ. ಕಿಟಕಿಯಾಚೆ ಹರಿಯೋ ಹೊಳೆ ನೋಡ್ತಾ ಕೂತ್ರು.

ಕೊಠಡಿ ತುಂಬ ಬಳಪದ ಕಿರಕಿರ. ಗೋಡೆಗೆ ಒರಗಿದ್ದ ಪಂಚಾಕ್ಷರಿ ಮೇಷ್ಟ್ರ ತುಟಿಯೂ ತಾನೇ ತಾನಾಗಿ ಅಲ್ಲಾಡ್ತಿತ್ತು. ಎಲ್ಲರಿಗಿಂತ ಮೊದಲು ಮುಗಿಸಿದ್ದು ನಾನು. ಅದನ್ನ ಇವತ್ತಿಗೂ ಯಾರೂ ಇಲ್ಲ ಅನ್ನೋ ಹಂಗಿಲ್ಲ.

ಮೇಷ್ಟ್ರು ಸಾಲು ಸಾಲು ಓಡಾಡಿ ನೋಡಿದ್ರು.

"ಮೂವತ್ತೊಂಬತ್ತೂ ಹತ್ತಕ್ಕೆ ಹತ್ತು ಗುರುಗಳೆ!"

ಆಮೇಲೆ ಕೊನೇ ಸಾಲಿಂದ ಒಂದು ಸ್ಲೇಟು ಕಿತ್ಕೊಂಡು ಬಂದ್ರು.

"ಇದನ್ನ ನೋಡಿ. ಇವತ್ತು ಮೂರೂ ಇಲ್ಲ. ಒಂದಕ್ಷರ ಇಲ್ಲ. ಸೊನ್ನೆ! ಇನ್ನೇನು ಹೇಳ್ಲಿ ನಾನು?"

ಬಾಗಿಲಲ್ಲಿ ನಿಂತಿದ್ದ ಮಾದಮ್ಮ ತಲೆ ತಗ್ಗಿಸಿದ್ಲು.

"ಯಾಕೆ ತಾಯಿ, ಬರೀಲಿಲ್ವಾ?" ಅಂದ್ರು ಅಯ್ನೋರು.

ಚಿಕ್ಕತಾಯಿ ಎದ್ದು ನಿಂತ್ಲು. ಕಣ್ಣು ತುಂಬಿತ್ತು.

"ನೀವು ಏನೂ ಹೇಳ್ಲೇ ಇಲ್ವಲ್ಲ ಅಯ್ನೋರೆ. ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ಮೇಷ್ಟ್ರು ಸ್ಲೇಟು ಹಿಡಿದ ಕೈ ಹಂಗೇ ನಿಂತೋಯ್ತು.

ಅಯ್ನೋರು ಎದ್ರು. ಆ ಸೋತ ಗಂಟಲಿಂದ ಅಂಥ ಗುಡುಗು ಬರುತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ.

"ಪಂಚಾಕ್ಷರಿ! ನಾನು ಬಾಯೇ ಬಿಟ್ಟಿಲ್ಲ. ಇವು ಯಾರು ಹೇಳಿದ್ದು ಬರೆದ್ವೋ?"

ನಾನು ಬಳಪ ಮೆಲ್ಲಗೆ ಕಿವಿಯಿಂದ ತೆಗೆದೆ.

"ಗುರುಗಳೆ... ನೀವೇ ಅಂದಿದ್ರಿ, ಮಕ್ಕಳಿಗೆ ಬರೋ ತನಕ ಬಿಡಬೇಡ ಅಂತ."

"ಅಂದಿದ್ದೆ. ಬಂದ ಮೇಲೂ ಬಿಡಬೇಡ ಅಂದಿದ್ನೇನೋ?"

"ತಪ್ಪಾಗಬಾರದು ಅಂತ ಅಷ್ಟೇ..."

"ತಪ್ಪು ಮಾಡ್ದೆ ಇರೋ ಮಕ್ಕಳು ಬೇಕಾದ್ರೆ ಮಣ್ಣಲ್ಲಿ ಗೊಂಬೆ ಮಾಡಿ ಸಾಲಾಗಿ ಕೂರಿಸ್ಕೋ! ಇನ್‌ಸ್ಪೆಕ್ಟ್ರಿಗೆ ಅವನ್ನೇ ತೋರ್ಸು! ಕೇಳಿಸ್ಕೊಳ್ಳೋ ಒಂದು ಕೂಸು ಬಂದ್ರೆ ಅದನ್ನ ಪಾತ್ರೆ ತಿಕ್ಕೋಕೆ ಅಟ್ತೀಯ. ಅದಕ್ಕೆ ಕೆಂಪು ಶಾಯಿ ಬೇರೆ ತಂದಿದ್ದೀಯ. ಕೊಡಿಲ್ಲಿ ಅದನ್ನ!"

ಮೇಷ್ಟ್ರು ಹಾಜರಿ ಪುಸ್ತಕ, ಶಾಯಿ ಎರಡನ್ನೂ ಕೊಟ್ರು. ಆ ಗಲಾಟೇಲಿ ಅವತ್ತಿನ ಹಾಜರಿ ಹಾಕೇ ಇರ್ಲಿಲ್ಲ.

ಅಯ್ನೋರು ಕಣ್ಣ ಹತ್ರ ಹಿಡ್ಕೊಂಡು, ಬೆರಳಿಟ್ಟು ಹುಡುಕಿ, ಚಿಕ್ಕತಾಯಿ ಹೆಸರ ಮುಂದೆ ಕೆಂಪು ಶಾಯೀಲಿ ಹಾಜರಿ ಹಾಕಿದ್ರು.

ಪುಸ್ತಕ ಮುಚ್ಚಿದ್ರು. ಮಾದಮ್ಮ ಸೆರಗು ಬಾಯಿಗೆ ಒತ್ಕೊಂಡ್ಲು.

ಮೇಷ್ಟ್ರು ಸಣ್ಣಗೆ ಕೇಳಿದ್ರು, "ಮಿಕ್ಕ ಮೂವತ್ತೊಂಬತ್ತು ಮಕ್ಕಳಿಗೆ ಹಾಜರಿ, ಗುರುಗಳೆ?"

"ಅವು ಇನ್ನೂ ಶಾಲೆಗೆ ಬಂದಿಲ್ಲ."

"ಇಲ್ಲೇ ಕೂತವೆಯಲ್ಲ ಗುರುಗಳೆ."

ಅಯ್ನೋರು ಊರುಗೋಲು ತಗೊಂಡು ಹೊಳೆ ಕಡೆ ಹೊರಟೋರು, ಬಾಗಿಲಲ್ಲಿ ಒಂದ್ಸಲ ತಿರುಗಿದ್ರು.

"ಮೇಷ್ಟ್ರು ಬರ್ಲಿ. ಆಮೇಲೆ ಅವೂ ಬರ್ತವೆ."