ಮೂಗುಮುಚ್ಚಮ್ಮನ ಮಡು

ಅರಣ್ಯ ಇಲಾಖೆಯ ಗೇಟು ದಾಟಿ ಹೊಳೆಯ ಪಕ್ಕದ ಕಾಲುದಾರಿಯಲ್ಲಿ ಒಂದು ಹರದಾರಿ ನಡೆದರೆ ಹೊಳೆಮತ್ತಿ ಮರಗಳ ನೆರಳಿನಲ್ಲಿ ಅಗಲವಾದ ಮರಳುದಿಣ್ಣೆ ಸಿಗುತ್ತದೆ. ಚಾರಣಕ್ಕೆ ಬರುವವರು ಡೇರೆ ಹಾಕುವುದು ಅಲ್ಲಿಯೇ. ದಿಣ್ಣೆಯ ಕೆಳಗೆ, ಹೊಳೆ ತಿರುಗುವಲ್ಲಿ, ಆಳವಾದ ಮಡು. ಅದಕ್ಕೆ ಇಳಿಯಲು ಏಳು ಮೆಟ್ಟಿಲು. ಮೆಟ್ಟಿಲ ತಲೆಯಲ್ಲಿ ಮೂಗುಮುಚ್ಚಮ್ಮನ ಪುಟ್ಟ ಗುಡಿ. ಬರುವ ಮುನ್ನ ಡೇರೆ, ಟಾರ್ಚು, ತಿಂಡಿಗಳ ಪಟ್ಟಿ ಮಾಡಿಕೊಳ್ಳುವವರು ಈ ತಾಯಿಯ ಹೆಸರು ಕೇಳಿ ನಗುತ್ತಾರೆ. ಹೆಸರು ಬಂದ ಬಗೆ ತಿಳಿದವರು ನಗಲಾರರು.

ಹಿಂದೆ ಒಮ್ಮೆ, ಈಕೆಯನ್ನು ಬರೀ ಮಡುವಿನಮ್ಮ ಎಂದು ಕರೆಯುತ್ತಿದ್ದ ಕಾಲದಲ್ಲಿ, ದೂರದ ಊರೊಂದರಿಂದ ನಲವತ್ತು ಮಂದಿ ನಡೆದು ಬಂದು ಮೂರು ದಿನ ಇಲ್ಲಿ ಬೀಡುಬಿಟ್ಟರಂತೆ. ಅವರಲ್ಲಿ ನಿಂಗಾಜಮ್ಮನೂ ಒಬ್ಬಳು. ಹೆರಿಗೆಯಲ್ಲಿ ಸೋತ ಮಗಳು ಉಳಿದರೆ, ಬೀಡಿನ ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಆ ಮೆಟ್ಟಿಲಿನಿಂದಲೇ ನೀರು ಮೊಗೆದು ತಾಯಿಯ ನೆತ್ತಿಗೆ ಎರೆಯುತ್ತೇನೆ, ಅಂದು ಎರೆಯುವ ತನಕ ಉಣ್ಣುವುದಿಲ್ಲ ಎಂದು ಹರಕೆ ಹೊತ್ತಿದ್ದಳು. ಮಗಳು ಉಳಿದಿದ್ದಳು. ಹೊರಡುವ ಮುನ್ನ ಯಜಮಾನ ಗುರುಮಲ್ಲೇಗೌಡನ ಜಗಲಿಯಲ್ಲಿ ಹದಿನೈದು ದಿನ ಮಾತುಕತೆ ನಡೆಯಿತು. ಅಕ್ಕಿ ಎಷ್ಟು, ಹಂಡೆ ಹೊರುವವರು ಯಾರು, ಊಟದೆಲೆ ಎಷ್ಟು ಕಟ್ಟು, ಎಲ್ಲವೂ ತೀರ್ಮಾನವಾಯಿತು. ಉಂಡ ಎಲೆ ಎಲ್ಲಿಗೆ ಎಂದು ನಿಂಗಾಜಮ್ಮ ಕೇಳಿದಳು.

“ಹೊಳೆ ಇರೋದು ಯಾತಕ್ಕವ್ವ? ಗಂಗಮ್ಮಂಗೆ ಮೈಲಿಗೆ ಉಂಟಾ? ಎಲ್ಲಾನೂ ಹೊತ್ಕೊಂಡು ಹೋಯ್ತಾಳೆ,” ಎಂದ ಗೌಡ.

ಭಕ್ತಿಯ ಮಾತೇ ಅದು. ನಿಂಗಾಜಮ್ಮನೂ ನಂಬಿ ಸುಮ್ಮನಾದಳು. ಆದರೆ ಬೇಸಿಗೆಯ ಹೊಳೆ. ಮಡುವಿನ ನೀರು ನಿಂತಲ್ಲೇ ಸುತ್ತುತ್ತಿತ್ತೇ ಹೊರತು ಮುಂದೆ ಹರಿಯುತ್ತಿರಲಿಲ್ಲ. ಮೂರನೆಯ ಮಧ್ಯಾಹ್ನ ಬಿಂದಿಗೆ ಹಿಡಿದು ಇಳಿದವಳಿಗೆ ಎರಡನೆಯ ಮೆಟ್ಟಿಲಲ್ಲೇ ಗಬ್ಬು ಮುಖಕ್ಕೆ ರಾಚಿತು. ಎಂಜಲೆಲೆಗಳು ಕೊಳೆತು ಲೋಳೆಯಾಗಿದ್ದವು. ಉಬ್ಬಿದ ಅನ್ನ, ಹಳಸಿದ ಸಾರಿನ ಜಿಡ್ಡು, ಎಲೆಅಡಿಕೆಯ ಉಗುಳು, ಕೂಸುಗಳ ಕುಂಡೆ ಒರೆಸಿದ ಬಟ್ಟೆ ಎಲ್ಲವೂ ಸೇರಿ ತಾಯಿಯ ಮೆಟ್ಟಿಲನ್ನು ನೆಕ್ಕುತ್ತಿದ್ದವು. ನಡುವೆ ಸತ್ತ ಮೀನಿನ ಬಿಳಿ ಹೊಟ್ಟೆ, ಅದರ ಮೇಲೆ ನೊಣ. ಬಿಂದಿಗೆ ಅದ್ದಿದಾಗ ಕೈಗೆ ಅಂಟಿದ ಲೋಳೆ ಸೆರಗಿಗೆ ಒರೆಸಿದರೂ ಹೋಗಲಿಲ್ಲ. ಬರಿ ಹೊಟ್ಟೆಯಿಂದ ಪಿತ್ತ ಕಕ್ಕಿದಳು.

ಹೊಳೆಯ ಮೇಲಿನಿಂದ ನೀರು ತಂದು ಎರೆ ಎಂದರು ಕೆಲವರು. ಮಗಳ ಜೀವಕ್ಕೆ ಆಡಿದ ಮಾತನ್ನು ತಿರುಚಲು ಅವಳಿಗೆ ಧೈರ್ಯವಿರಲಿಲ್ಲ. ಕಣ್ಣು ಮುಚ್ಚಿ ಎರೆದುಬಿಡು, ಹೊಳೆನೀರು ಹೊಳೆನೀರೇ ಎಂದ ಗೌಡ. ನಿಂಗಾಜಮ್ಮ ಬಿಂದಿಗೆಯನ್ನು ಅವನ ಮುಂದೆ ಇಟ್ಟಳು.

“ಹಂಗಾರೆ ಒಂದು ಗುಟುಕು ಕುಡೀರಿ ಗೌಡ್ರೇ. ನಿಮ್ಮ ಗಂಟಲಿಗೆ ಇಳಿದ್ರೆ ಅಮ್ಮನ ನೆತ್ತಿಗೂ ಎರೀತೀನಿ.”

ಗೌಡ ಬಿಂದಿಗೆ ಎತ್ತಿದ. ನಾತ ಬಡಿದದ್ದೇ ಮೂಗಿಗೆ ಹೆಗಲ ವಲ್ಲಿ ಒತ್ತಿಕೊಂಡು ಮುಖ ತಿರುಗಿಸಿದ. ತಿರುಗಿಸಿದ ಕಡೆ ಗುಡಿ ಇತ್ತು. ಅದುವರೆಗೆ ಅಭಯ ಕೊಡುತ್ತಿದ್ದ ತಾಯಿಯ ಬಲಗೈ ಅವಳ ಮೂಗಿನ ಮೇಲಿತ್ತು ಎನ್ನುತ್ತಾರೆ.

ಗೌಡನೇ ಮೊದಲು ಸೊಂಟದ ತನಕ ಆ ಹೊಲಸಿಗೆ ಇಳಿದ. ನಲವತ್ತು ಮಂದಿಯೂ ಓಕರಿಸುತ್ತಲೇ ಬಾಚಿ, ಉಟ್ಟ ಬಟ್ಟೆಯಲ್ಲಿ ಹೊತ್ತು, ಕಾಡಂಚಿನಲ್ಲಿ ಗುಂಡಿ ತೋಡಿ ಹೂತರು. ಮರಳು ಬಗೆದು ಕಾಲುವೆ ತೆಗೆದು ಮೇಲಿನ ನೀರನ್ನು ಮಡುವಿಗೆ ಹಾಯಿಸಿದರು. ಹೊತ್ತು ಮುಳುಗಲು ಒಂದು ಮಾರು ಇರುವಾಗ ಕೊನೆಯ ಮೆಟ್ಟಿಲಿನಲ್ಲಿ ನಿಂತ ನಿಂಗಾಜಮ್ಮನಿಗೆ ನೀರೊಳಗೆ ತನ್ನ ಪಾದ ಕಂಡಿತು. ಮೊದಲು ತಾನು ಒಂದು ಗುಟುಕು ಕುಡಿದು ನೋಡಿ, ಆಮೇಲೆ ಬಿಂದಿಗೆ ತುಂಬಿ ಎರೆದಳು. ತಾಯಿ ಬಲಗಡೆಯ ಹೂವು ಕೊಟ್ಟಳು. ಕೈಯನ್ನು ಮಾತ್ರ ಇಳಿಸಲಿಲ್ಲ.

ಇಂದಿಗೂ ಆ ಊರಿನವರು ಯಾತ್ರೆಯ ಮಾತಿಗೆ ಕೂತಾಗ ಅಡುಗೆಯವರಿಗಿಂತ ಮೊದಲು ಎಂಜಲೆಲೆ ಎತ್ತುವವರನ್ನು ಗೊತ್ತುಮಾಡುತ್ತಾರೆ. ಡೇರೆಯವರು ಹೋದ ಮರುದಿನ ಮೆಟ್ಟಿಲ ಬಳಿ ಬಿರಿಯಾನಿಯ ಡಬ್ಬಿ, ಬಾಟಲಿ, ಊದಿಕೊಂಡ ಡೈಪರು ಸುತ್ತುತ್ತಿರುತ್ತವೆ. ಪೂಜೆಯ ಹೆಂಗಸು ಅವನ್ನು ಕೋಲಿನಿಂದ ಎಳೆದುಹಾಕಿ, ಮಿಂದು ಬಂದು ದೀಪ ಹಚ್ಚುತ್ತಾಳೆ. ಮೂಗು ಮುಚ್ಚಿದ ಆ ಕರಿಕಲ್ಲಿನ ತಾಯಿಯನ್ನು ಯಾರು ಬೇಕಾದರೂ ನೋಡಬಹುದು. ಮೊದಲೆಲ್ಲ ಕೈ ಮೂಗನ್ನಷ್ಟೇ ಮುಚ್ಚಿತ್ತು, ಈಗೀಗ ತೋರುಬೆರಳು ಕಣ್ಣಿನ ಅಂಚಿಗೆ ಬಂದಿದೆ ಎಂದು ಆಕೆ ಮಂಗಳಾರತಿ ಎತ್ತಿ ತೋರಿಸುತ್ತಾಳೆ.