ಗೋಡೆಯ ಪಟ, ಪೆಟ್ಟಿಗೆಯ ಪಟ

"ಗುರುಗಳೇ, ನಾಳೆಯಿಂದ ನಾನು ಪೂಜೆಗೆ ಕೂರದಿದ್ದರೆ ಆಗುವುದಿಲ್ಲವೇ?" ಎಂದು ತೋಟಪ್ಪ ಕೇಳಿದ.

ಗುರುಗಳು ಮಠದ ಬಾವಿಕಟ್ಟೆಯ ಮೇಲೆ ಕುಳಿತು ಬಿಲ್ವಪತ್ರೆ ಬಿಡಿಸುತ್ತಿದ್ದರು. ತೋಟಪ್ಪ ಅವರ ಶಿಷ್ಯ. ಹನ್ನೊಂದು ವರ್ಷದಿಂದ ಮಠದ ಬೆಳಗಿನ ಪೂಜೆ ಅವನದು. ಪೂಜೆ ಮುಗಿದ ಮೇಲೆ ಹಿತ್ತಾಳೆಯ ಸಾಮಾನನ್ನೆಲ್ಲ ಬಾವಿಯ ಹತ್ತಿರ ತಂದು ಹುಣಸೆಹಣ್ಣು ಹಚ್ಚಿ ತಿಕ್ಕುವುದೂ ಅವನದೇ.

"ಯಾಕೆ, ಮೊಣಕಾಲು ನೋವೇ?" ಎಂದರು ಗುರುಗಳು.

"ಮೊಣಕಾಲು ಗಟ್ಟಿಯಾಗಿದೆ. ಮನಸ್ಸೇ ಕೂರುವುದಿಲ್ಲ. ಮಂತ್ರ ತಪ್ಪಬಾರದು, ಬೆನ್ನು ಬಾಗಬಾರದು ಎಂದು ಬಿಗಿದುಕೊಂಡು ಕೂತಿರುತ್ತೇನೆ. ಅಷ್ಟು ಹೊತ್ತೂ ಶಿವ ಕಲ್ಲು, ನಾನು ಕಟ್ಟಿಗೆ. ಎಲ್ಲ ಮುಗಿಸಿ ಇಲ್ಲಿಗೆ ಬಂದು ತಂಬಿಗೆ ತಿಕ್ಕುತ್ತಿದ್ದರೆ, ಅವನೇ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಹಾಗಾಗುತ್ತದೆ. ಎದೆ ಹಗುರವಾಗುತ್ತದೆ. ಅವನು ಬರುವುದು ತಂಬಿಗೆಯ ಹತ್ತಿರವಾದರೆ ಪೂಜೆ ಯಾಕೆ? ಅದನ್ನು ಬೇರೆ ಯಾರಿಗಾದರೂ ವಹಿಸಿ. ನನಗೆ ತಂಬಿಗೆ ಬಿಟ್ಟುಕೊಡಿ, ಸಾಕು."

"ತಂಬಿಗೆ ಕೊಡುವುದು ದೊಡ್ಡ ಮಾತಲ್ಲ. ಅದಕ್ಕೆ ಮೊದಲು ಒಂದು ಕತೆ ಕೇಳು" ಎಂದು ಗುರುಗಳು ಪತ್ರೆಯ ಬುಟ್ಟಿಯನ್ನು ಪಕ್ಕಕ್ಕಿಟ್ಟರು.

ಒಂದು ಊರಿನಲ್ಲಿ ಒಬ್ಬ ಫೋಟೋ ತೆಗೆಯುವವನಿದ್ದ. ಕಿಸೆಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಓಡಾಡುವ ಕಾಲವಲ್ಲ ಅದು. ಮೂರು ಕಾಲಿನ ಮೇಲೊಂದು ಮರದ ಪೆಟ್ಟಿಗೆ, ಅದರೊಳಗೆ ಗಾಜಿನ ಪ್ಲೇಟು, ಮೇಲೆ ಕಪ್ಪು ಬಟ್ಟೆ. ಪೆಟ್ಟಿಗೆಯಿಂದ ಒಂದು ಉದ್ದನೆಯ ರಬ್ಬರಿನ ಕೊಳವೆ, ಅದರ ತುದಿಗೆ ಲಿಂಬೆಹಣ್ಣಿನಷ್ಟು ದೊಡ್ಡ ರಬ್ಬರಿನ ಉಂಡೆ. ಉಂಡೆಯನ್ನು ಅಂಗೈಯಲ್ಲಿ ಅದುಮಿದರೆ ಪ್ಲೇಟಿನ ಮೇಲೆ ಪಟ ಬೀಳುತ್ತಿತ್ತು. ಒಂದು ಪ್ಲೇಟಿಗೆ ಒಂದೇ ಪಟ.

ಅವನು ಪಟ್ಟಣದ ಒಬ್ಬ ಹಿರಿಯನ ಹತ್ತಿರ ಏಳು ವರ್ಷ ಕೆಲಸ ಕಲಿತಿದ್ದ. ಗದ್ದ ಎತ್ತಿಸುವುದು, ಭುಜ ಸಮ ಮಾಡಿಸುವುದು, ಕಿಟಕಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿ ಬಿಸಿಲನ್ನು ಹದ ಮಾಡುವುದು, ಎಲ್ಲ ಬರುತ್ತಿತ್ತು. ಊರಿಗೆ ಬಂದು ಪೇಟೆ ಬೀದಿಯಲ್ಲಿ ಸ್ಟುಡಿಯೋ ಇಟ್ಟ. ಮದುವೆಯಾದ ಜೋಡಿಗಳು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಅವನ ಪಟದಲ್ಲಿ ಯಾರೂ ತಪ್ಪು ಹುಡುಕುವ ಹಾಗಿರಲಿಲ್ಲ. ಸೀರೆಯ ಅಂಚಿನ ಎಳೆ ಎಳೆಯೂ ಕಾಣುತ್ತಿತ್ತು.

ಆದರೂ ಅವನಿಗೆ ಸಮಾಧಾನವಿರಲಿಲ್ಲ. ಪಟದಲ್ಲಿ ಗಂಡನಿದ್ದ, ಹೆಂಡತಿಯಿದ್ದಳು. ಅವರಿಬ್ಬರ ನಡುವೆ ಇರುವುದು ಮಾತ್ರ ಬರುತ್ತಿರಲಿಲ್ಲ. ಸಾಕ್ಷಿ ಹೇಳಲು ಕಚೇರಿಗೆ ಬಂದವರ ಹಾಗೆ ಇಬ್ಬರೂ ಎದುರಿಗೆ ನೋಡುತ್ತಾ ಕೂತಿರುತ್ತಿದ್ದರು. ಅವನು ಕಿಟಕಿಯ ಬಟ್ಟೆ ಬದಲಿಸಿದ. ಹಿಂದಿನ ಪರದೆಗೆ ಬಳ್ಳಿ ಬರೆಸಿದ. ಅದು ಬರಲಿಲ್ಲ.

ಒಂದು ದಿನ ಒಬ್ಬ ಕುಂಬಾರ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದ. ಇಬ್ಬರೂ ಉಸಿರು ಹಿಡಿದು ಕೂತರು. ಫೋಟೋದವನು ಉಂಡೆ ಅದುಮಿ, "ಆಯಿತು" ಎಂದ. ಇಬ್ಬರ ಭುಜವೂ ಒಮ್ಮೆಗೇ ಕೆಳಗಿಳಿಯಿತು. ಹೆಂಡತಿ ಆಗ ಗಂಡನ ಕಡೆ ತಿರುಗಿದಳು.

"ಅಯ್ಯೋ, ಅಂಗಿಯ ಗುಂಡಿ ಒಂದು ಮೇಲೆ, ಒಂದು ಕೆಳಗೆ ಹಾಕಿಕೊಂಡು ಕೂತಿದ್ದೀರಲ್ಲ! ಊರೆಲ್ಲ ನೋಡುವ ಪಟ" ಎಂದು ಗುಂಡಿಗೆ ಕೈ ಹಾಕಿದಳು.

"ಪಕ್ಕದಲ್ಲಿ ನೀನಿರುವಾಗ ನನ್ನ ಗುಂಡಿ ಯಾರು ನೋಡುತ್ತಾರೆ?" ಎಂದ ಕುಂಬಾರ.

ಅವಳು ನಾಚಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಕುಂಬಾರ ಎದ್ದು ಅವಳನ್ನೇ ನೋಡುತ್ತಾ ನಿಂತ. ಏಳು ವರ್ಷ ಕಲಿತು, ಮೂರು ವರ್ಷ ದುಡಿದು, ಫೋಟೋದವನು ಹುಡುಕುತ್ತಿದ್ದುದು ಅವನ ಬೆಂಚಿನ ಮುಂದೆಯೇ ನಿಂತಿತ್ತು. ಪೆಟ್ಟಿಗೆಯಲ್ಲಿ ಹೊಸ ಪ್ಲೇಟು ಇರಲಿಲ್ಲ. ಅವನು ಹಾಕುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಿದ್ದರು. ಆ ದಿನ ಅವನಿಗೆ ಊಟ ಸೇರಲಿಲ್ಲ. ತೆಗೆಯದೆ ಹೋದ ಆ ಒಂದು ಪಟವೇ ಅವನಿಗೆ ಎರಡನೆಯ ಗುರುವಾಯಿತು.

ಅಂದಿನಿಂದ ಅವನು ಒಂದು ಕ್ರಮ ಹಿಡಿದ. ಮೊದಲನೆಯ ಪ್ಲೇಟಿಗೆ ಶಾಸ್ತ್ರದ ಪ್ರಕಾರ ಕೂರಿಸಿ ಪಟ ತೆಗೆಯುತ್ತಿದ್ದ. "ಆಯಿತು" ಎನ್ನುತ್ತಿದ್ದ. ಸದ್ದಿಲ್ಲದೆ ಎರಡನೆಯ ಪ್ಲೇಟು ಹಾಕುತ್ತಿದ್ದ. ಉಂಡೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಬೆಂಚಿನ ಮೇಲಿದ್ದವರು ಮೈ ಸಡಿಲಿಸುತ್ತಿದ್ದರು. ಒಬ್ಬಳು ಗಂಡನ ಬೆವರು ಒರೆಸುವಳು. ಒಬ್ಬ ಹೆಂಡತಿಯ ಜಡೆಗೆ ಸಿಕ್ಕಿದ ಬಳೆ ಬಿಡಿಸುವನು. ಫೋಟೋದವನು ಆಗ ಉಂಡೆ ಅದುಮುತ್ತಿದ್ದ. ಆಮೇಲೆ ಹೇಳಿ, ಒಪ್ಪಿಗೆ ಕೇಳಿ, ಎರಡೂ ಪಟ ಕೊಡುತ್ತಿದ್ದ. ಮೊದಲನೆಯದು ಗೋಡೆಗೆ ಹೋಗುತ್ತಿತ್ತು. ಎರಡನೆಯದನ್ನು ಹೆಂಗಸರು ಯಾರಿಗೂ ತೋರಿಸದೆ ತಮ್ಮ ಬಟ್ಟೆಯ ಪೆಟ್ಟಿಗೆಯಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದರು.

ಯಾರಿಗೂ ತೋರಿಸದ ಆ ಪಟಗಳಿಂದಲೇ ಅವನ ಹೆಸರು ಸುತ್ತೂರಿಗೆಲ್ಲ ಹಬ್ಬಿತು. ಹೇಗೆ ಹಬ್ಬಿತು ಎಂದು ಕೇಳಬೇಡ. ಹೆಂಗಸರ ಪೆಟ್ಟಿಗೆಯ ಸಂಗತಿ.

ಹೆಸರು ಬಂದ ಮೇಲೆ ಅವನಿಗೆ ಮೊದಲನೆಯ ಪಟದ ಮೇಲೆ ಉದಾಸೀನ ಬಂತು. ಜನ ಬರುವುದೇ ಎರಡನೆಯದಕ್ಕೆ, ಮೊದಲನೆಯದು ಬರೀ ಶ್ರಮ ಎನಿಸಿತು. ಗದ್ದ ಎತ್ತಿಸುವಲ್ಲಿ ಅವಸರ ಮಾಡಿದ. ಭುಜ ಸಮ ಮಾಡುವುದನ್ನು ಬಿಟ್ಟ. ಕೆಲವು ಸಲ ಗೋಡೆಗೆ ಪಟ ಬೇಡ ಎಂದವರಿಗೆ ಪ್ಲೇಟನ್ನೇ ಹಾಕದೆ ಬರಿದೇ ಉಂಡೆ ಅದುಮಿದ. ಎರಡನೆಯ ಪಟಗಳು ಸ್ವಲ್ಪ ಸ್ವಲ್ಪವೇ ಸಪ್ಪೆಯಾಗುತ್ತಾ ಬಂದವು. ಬೇರೆ ಯಾರಿಗೂ ಅದು ತಿಳಿಯಲಿಲ್ಲ. ಅವನಿಗೂ ತಿಳಿಯಲಿಲ್ಲ.

ಹೀಗಿರುವಾಗ ಒಬ್ಬ ಬೆಲ್ಲದ ವ್ಯಾಪಾರಿ ಹೆಂಡತಿಯನ್ನು ಕರೆದುಕೊಂಡು ಬಂದ. ಅವರಿಗೆ ಒಬ್ಬಳೇ ಮಗಳು. ಮದುವೆಯಾಗಿ ಎರಡು ದಿನ ರೈಲಿನಲ್ಲಿ ಹೋಗುವಷ್ಟು ದೂರದ ಊರಿಗೆ ಹೊರಟಿದ್ದಳು. ಅಪ್ಪ ಅವ್ವ ಇಬ್ಬರೂ ಜೊತೆಗಿರುವ ಪಟ ಬೇಕು, ಮನೆಯಲ್ಲಿ ಹೇಗಿರುತ್ತಾರೋ ಹಾಗೇ ಇರಬೇಕು ಎಂದು ಹಟ ಹಿಡಿದಿದ್ದಳು. ಅವಳು ಬೇರೇನೂ ಕೇಳಿರಲಿಲ್ಲ.

"ನಿನ್ನ ಗುಟ್ಟು ನನಗೆ ಗೊತ್ತಪ್ಪಾ" ಎಂದ ವ್ಯಾಪಾರಿ. "ಗೋಡೆಯ ಪಟ ನಮಗೆ ಬೇಡ. ನೇರವಾಗಿ ಎರಡನೆಯದನ್ನೇ ತೆಗೆ."

ಫೋಟೋದವನಿಗೂ ಅದು ಸರಿ ಎನಿಸಿತು. ತೆಗೆಯಲು ನಿಂತ. ವ್ಯಾಪಾರಿ ಹೆಂಡತಿಯ ಹೆಗಲ ಮೇಲೆ ಕೈ ಹಾಕಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ನಾಲ್ಕು ಜನರೆದುರು ಹಾಗೆ ಕೈ ಹಾಕಿದವನಲ್ಲ. ಅವಳು ಮುದುಡಿದಳು. ಇಬ್ಬರೂ ನಕ್ಕರು. ಫೋಟೋದವನು ಉಂಡೆ ಅದುಮಿದ.

ಪಟ ನೋಡಿದ ಮಗಳು ಅದನ್ನು ಮಗುಚಿಟ್ಟಳು. "ಅಪ್ಪಾ, ಇವರು ಯಾರು? ಅಲ್ಲಿಗೆ ಒಯ್ದು ಯಾರನ್ನೋ ನೋಡುತ್ತಾ ಕೂರಲೇ?" ಎಂದಳು.

ವ್ಯಾಪಾರಿ ಪಟ ಹಿಡಿದುಕೊಂಡು ಸ್ಟುಡಿಯೋಗೆ ಬಂದ. ಬೈಯಬೇಕೆಂದೇ ಬಂದಿದ್ದ. ಬೈಯಲು ಬಾಯಿ ಬರಲಿಲ್ಲ. "ನಾಡಿದ್ದು ಬೆಳಿಗ್ಗೆ ಹೊರಡುತ್ತಾಳಪ್ಪಾ. ಬರಿಗೈಯಲ್ಲಿ ಕಳಿಸುವ ಹಾಗಾಯಿತು" ಎಂದು ಬೆಂಚಿನ ಮೇಲೆ ಕೂತುಬಿಟ್ಟ.

ಫೋಟೋದವನು ನಾಳೆ ಬೆಳಿಗ್ಗೆ ಇಬ್ಬರೂ ಬನ್ನಿ ಎಂದು ಹೇಳಿ ಕಳಿಸಿದ. ಏನು ಮಾಡಬೇಕೆಂದು ಅವನಿಗೇ ತಿಳಿದಿರಲಿಲ್ಲ. ಹಳೆಯ ಪ್ಲೇಟುಗಳನ್ನು ತೆಗೆದು, ಒಂದೊಂದು ಜೋಡಿಯ ಎರಡು ಪಟವನ್ನೂ ಅಕ್ಕಪಕ್ಕ ಹಿಡಿದು, ಕಿಟಕಿಯ ಬೆಳಕಿಗೆ ನೋಡುತ್ತಾ ಕೂತ. ಎರಡನೆಯ ಪಟದಲ್ಲಿ ಒಬ್ಬನ ಕತ್ತಿನ ಮೇಲೆ ಬಿಗಿ ಕಾಲರಿನ ಗೆರೆ ಇನ್ನೂ ಇತ್ತು. ಒಬ್ಬಳ ಭುಜ ಅಷ್ಟು ಹಗುರವಾಗಿ ಇಳಿದಿತ್ತು, ಯಾಕೆಂದರೆ ಅದನ್ನು ಅವಳು ಅಷ್ಟು ಹೊತ್ತು ಎತ್ತಿ ಹಿಡಿದಿದ್ದಳು. ತಾನು ಶ್ರಮವೆಂದು ಬಿಟ್ಟದ್ದು ಯಾವುದೆಂದು ಅವನಿಗೆ ಆಗ ಕಂಡಿತು. ಕೈಯಲ್ಲಿದ್ದ ಪ್ಲೇಟುಗಳನ್ನು ಹಣೆಗೆ ಒತ್ತಿಕೊಂಡ.

ಮರುದಿನ ಗಂಡಹೆಂಡಿರು ಬಂದರು. ಅವನು ಮೊದಲನೆಯ ಪ್ಲೇಟು ಹಾಕಿದ. ಕೆಲಸ ಕಲಿತ ಹೊಸದರಲ್ಲಿ ಮಾಡುತ್ತಿದ್ದಷ್ಟೇ ಭಕ್ತಿಯಿಂದ ಕೂರಿಸಿದ. ಹೆಂಡತಿಯ ನಿರಿಗೆ ಸರಿ ಮಾಡಿಕೊಳ್ಳಲು ಹೇಳಿದ. ವ್ಯಾಪಾರಿಯ ತಲೆಯ ರುಮಾಲನ್ನು ತಾನೇ ಬಿಚ್ಚಿ, ತಾನೇ ಬಿಗಿಯಾಗಿ ಸುತ್ತಿದ. ಗದ್ದ ಎತ್ತಿಸಿದ. ಭುಜ ಸಮ ಮಾಡಿಸಿದ. ತಾನೂ ಉಸಿರು ಹಿಡಿದು ಉಂಡೆ ಅದುಮಿದ.

"ಆಯಿತು" ಎಂದ.

ವ್ಯಾಪಾರಿ ತಟ್ಟನೆ ಹೆಂಡತಿಯ ಕಡೆ ತಿರುಗಿ ಮುಖದಲ್ಲಿ ಪ್ರೀತಿ ತಂದುಕೊಂಡ. ಫೋಟೋದವನು ಅದುಮಲಿಲ್ಲ. ಎರಡನೆಯ ಪ್ಲೇಟು ಹಾಕಿ, "ಕೂತಿರಿ ಸಾಹುಕಾರರೇ, ಇನ್ನೂ ಹೊತ್ತಾಗುತ್ತದೆ. ನಾನು ಒಳಗಿರುತ್ತೇನೆ" ಎಂದು, ಉಂಡೆಯನ್ನು ಹಿಡಿದುಕೊಂಡೇ ಒಳಗಿನ ಪರದೆಯ ಹಿಂದೆ ಹೋದ.

ವ್ಯಾಪಾರಿ ನೋಡುತ್ತಲೇ ಕೂತ. ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು.

"ಸಾಕು ಬಿಡಿ, ಹಾಗೆ ನೋಡಬೇಡಿ, ಭಯವಾಗುತ್ತದೆ" ಎಂದಳು ಹೆಂಡತಿ. "ಇಷ್ಟು ವರ್ಷ ನೋಡದೆ ಹೇಗಿದ್ದಿರೋ ಹಾಗೇ ಇರಿ."

"ನೋಡದೆ ಇದ್ದೆ ಅಂತ ನಿನಗೆ ಯಾರು ಹೇಳಿದರು?" ಎಂದು ವ್ಯಾಪಾರಿ ಮುಖ ತಿರುಗಿಸಿ, ಕಾಲು ಚಾಚಿ ಕೂತ. ಇಬ್ಬರಿಗೂ ಬೇಸರ ಬಂತು. ಬೀದಿಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿದರು. ಆಮೇಲೆ ಅವನೇ, "ಅವಳ ಗಂಟಿನಲ್ಲಿ ಬೆಲ್ಲ ಇಟ್ಟೆಯಾ?" ಎಂದ.

"ನಾಲ್ಕು ಅಚ್ಚು ಇಟ್ಟಿದ್ದೇನೆ, ಸೀರೆಯ ಕೆಳಗೆ. ಭಾರ ಅಂತ ನೀವು ಬೈಯುತ್ತೀರೆಂದು ಹೇಳಲಿಲ್ಲ."

"ನಾನು ಹಾಸಿಗೆಯ ಸುರುಳಿಯಲ್ಲಿ ಆರು ಇಟ್ಟಿದ್ದೇನೆ. ನೀನು ಬೈಯುತ್ತೀಯೆಂದು ಹೇಳಲಿಲ್ಲ."

"ಹತ್ತು ಅಚ್ಚೇ! ಮಗಳನ್ನು ಕಳಿಸುತ್ತಿದ್ದೀರೋ, ಅಂಗಡಿ ಇಡಿಸುತ್ತಿದ್ದೀರೋ?" ಎಂದು ಅವಳು ನಕ್ಕಳು. ನಗುತ್ತಾ ನಗುತ್ತಾ ಅವನ ಕಣ್ಣು ನೋಡಿದಳು. ಕಣ್ಣು ತುಂಬಿತ್ತು. "ಈ ರುಮಾಲು ಎಷ್ಟು ಬಿಗಿದಿದ್ದಾನೆ ನೋಡಿ" ಎಂದು ಅದನ್ನು ಮೆಲ್ಲಗೆ ಸಡಿಲಿಸಿ ತೆಗೆದು, ಹಣೆಯ ಮೇಲೆ ಎದ್ದಿದ್ದ ಗೆರೆಯನ್ನು ಹೆಬ್ಬೆರಳಿನಿಂದ ಸವರಿದಳು. ಅವನು ಮಗುವಿನ ಹಾಗೆ ಹಣೆ ಒಡ್ಡಿದ.

ಪರದೆಯ ಹಿಂದೆ ಸಂದಿಯಿಂದ ನೋಡುತ್ತಾ ನಿಂತವನು ಉಂಡೆ ಅದುಮಿದ. ಹೊರಗೆ ಬಂದು, "ಎರಡನೆಯದೂ ಆಯಿತು. ನೀವು ಒಪ್ಪಿದರೆ ಕೊಡುತ್ತೇನೆ" ಎಂದ.

"ಯಾವಾಗ ಆಯಿತು?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

ಅವನು ಪ್ಲೇಟು ತೊಳೆದು, ಒಣಗಿಸಿ, ಮಧ್ಯಾಹ್ನದ ಬಿಸಿಲಿಗಿಟ್ಟು ಕಾಗದಕ್ಕೆ ಇಳಿಸಿದ. ದೀಪ ಹಚ್ಚುವ ಹೊತ್ತಿಗೆ ಎರಡನೆಯ ಪಟವನ್ನು ತಾನೇ ವ್ಯಾಪಾರಿಯ ಮನೆಗೆ ಒಯ್ದ. ಮಗಳು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಇವರು ನಮ್ಮ ಅಪ್ಪ ಅವ್ವ" ಎಂದಳು. ಗಂಟು ಬಿಚ್ಚಿ, ಮದುವೆ ಸೀರೆಯ ಮಡಿಕೆ ಎತ್ತಿದಳು. ಇಡುವ ಮುನ್ನ ಮತ್ತೊಮ್ಮೆ ನೋಡಿದಳು.

"ಅಪ್ಪನ ಹಣೆಯ ಮೇಲೆ ಗೆರೆ ಇದೆಯಲ್ಲ, ಇದು ಹೇಗೆ ಬಂತು?" ಎಂದು ಕೇಳಿದಳು.

"ಮೊದಲನೆಯ ಪಟಕ್ಕೆ ಕೂತಾಗ ಬಂದದ್ದು ತಾಯಿ."

"ಹಾಗಾದರೆ ಅದನ್ನೂ ಕೊಡಿ. ಎರಡನ್ನೂ ಒಯ್ಯುತ್ತೇನೆ."

ಫೋಟೋದವನು ಜೋಳಿಗೆಯಿಂದ ಮೊದಲನೆಯ ಪಟ ತೆಗೆದುಕೊಟ್ಟ. ಅದನ್ನೂ ಅವನು ಅಷ್ಟೇ ಜತನದಿಂದ ಮಾಡಿ ತಂದಿದ್ದ. ಆಮೇಲೆ ಅವನು ಬದುಕಿರುವತನಕ ಮೊದಲನೆಯ ಪ್ಲೇಟನ್ನು ಎಂದೂ ಖಾಲಿ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಪತ್ರೆಯ ಬುಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ತೋಟಪ್ಪ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡ. ಹುಣಸೆಹಣ್ಣಿನ ಹುಳಿಗೆ ಅದು ಬೆಳ್ಳಗಾಗಿತ್ತು.

"ತಿಳಿಯಿತು ಗುರುಗಳೇ" ಎಂದ. "ನಾಳೆಯೂ ಪೂಜೆಗೆ ಕೂರುತ್ತೇನೆ. ಬಿಗಿಯಾಗಿಯೇ ಕೂರುತ್ತೇನೆ. ಮುಗಿದ ಮೇಲೆ ಇಲ್ಲಿ ಬಂದು ತಂಬಿಗೆ ಹಿಡಿದುಕೊಂಡು, ಅವನು ಈಗ ಬಂದಾನು, ಆಗ ಬಂದಾನು ಎಂದು ದಾರಿ ನೋಡುತ್ತಿರುತ್ತೇನೆ."

ಗುರುಗಳು ಒಂದು ದಳ ಪತ್ರೆಯನ್ನು ಬಿಡಿಸಿ ಬುಟ್ಟಿಗೆ ಹಾಕಿ ಹೇಳಿದರು:

"ತಂಬಿಗೆ ತಿಕ್ಕುವಾಗ ತಂಬಿಗೆಯನ್ನೇ ನೋಡು ತೋಟಪ್ಪಾ, ಪರದೆಯ ಹಿಂದಿರುವವನಿಗೆ ಅವನ ಕೆಲಸ ಗೊತ್ತಿದೆ."